ಗಿಳಿ ಕಚ್ಚಿದ ಹಣ್ಣು ಗಿಳಿಗೇ ಇರಲಿ

ನಿಮ್ಮ ಮನೆ ಸಿರುಗುಪ್ಪ ತಾಲೂಕಿನ ರಾರಾವಿಯಲ್ಲಿದೆ ಎಂದುಕೊಳ್ಳಿ. ಒಂದು ಕಡೆ ವೇದಾವತಿ, ನಮ್ಮ ಬಾಯಲ್ಲಿ ಹಗರಿ. ಸುತ್ತ ಭತ್ತದ ಗದ್ದೆ. ಮನೆಯ ಹಿಂದೆ ನಾಲ್ಕು ಹೆಜ್ಜೆಯ ಹಿತ್ತಲು. ಅಲ್ಲಿ ಒಂದು ಪೇರಲ, ಒಂದು ನಿಂಬೆ, ಗೋಡೆಯ ಪಕ್ಕ ಸೀತಾಫಲ, ಬಚ್ಚಲ ನೀರು ಹೋಗುವ ಕಡೆ ಪಪ್ಪಾಯಿ. ಹಿರಿಯರು ನೆಟ್ಟಿದ್ದರೆ ಒಂದು ಅಂಜೂರವೂ ಇದ್ದೀತು. ಅಂಜೂರಕ್ಕೆ ನಮ್ಮ ಬಳ್ಳಾರಿ ಮೊದಲಿನಿಂದಲೂ ಹೆಸರುವಾಸಿ.

ಪೇರಲ ಹಣ್ಣಾಗುವ ದಿನಗಳಲ್ಲಿ ಬೆಳಗ್ಗೆ ಫಜ್ರ್ ನಮಾಝ್ ಮುಗಿಸಿ ಹಿತ್ತಲ ಬಾಗಿಲು ತೆರೆದರೆ ಗಿಳಿಗಳು ಆಗಲೇ ಬಂದಿರುತ್ತವೆ. ಅಳಿಲು ಕೊಂಬೆಯಿಂದ ಕೊಂಬೆಗೆ ಓಡುತ್ತಿರುತ್ತದೆ. ರಾತ್ರಿ ಬಾವಲಿ ಬಂದು ಹೋದದ್ದಕ್ಕೆ ನೆಲದ ಮೇಲೆ ಅರ್ಧ ತಿಂದ ಹಣ್ಣುಗಳೇ ಸಾಕ್ಷಿ. ಆಗ ನಿಮ್ಮ ಮಗು ಅದರಲ್ಲೊಂದನ್ನು ಎತ್ತಿಕೊಂಡು, ಲಂಗಕ್ಕೋ ಅಂಗಿಗೋ ಒರೆಸಿ, ಬಾಯಿಗಿಟ್ಟುಕೊಳ್ಳುತ್ತದೆ. “ಗಿಳಿ ಕಚ್ಚಿದ ಹಣ್ಣೇ ಸಿಹಿ” ಎಂದು ಅಜ್ಜಿ ನಗುತ್ತಾರೆ.

ಅಜ್ಜಿಯ ಮಾತಿನಲ್ಲಿ ಸುಳ್ಳಿಲ್ಲ. ಹಕ್ಕಿ ಮಾಗಿದ ಹಣ್ಣನ್ನೇ ಹುಡುಕುತ್ತದೆ. ಆದರೆ ಆ ಹಣ್ಣು ಇನ್ನು ನಮ್ಮದಲ್ಲ. ಪ್ರಾಣಿ ಪಕ್ಷಿಗಳಿಗೆ ಮರದಲ್ಲಿ ಪಾಲು ಕೊಡಿ, ಅವುಗಳ ಎಂಜಲಲ್ಲಿ ಮಾತ್ರ ನೀವು ಪಾಲು ಕೇಳಬೇಡಿ.

ಹಿತ್ತಲ ಹಣ್ಣಿನ ಬೆಲೆ

ಮೊದಲು ನಮ್ಮ ಪಾಲಿನ ಮಾತು. ಒಬ್ಬರು ದಿನಕ್ಕೆ ಸುಮಾರು 100 ಗ್ರಾಂ ಹಣ್ಣು ತಿನ್ನಬೇಕೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುತ್ತದೆ. ಸಂತೆಯಿಂದ ಸೇಬು ತಂದು ಮನೆಮಂದಿಗೆಲ್ಲ ದಿನವೂ ಅಷ್ಟು ಕೊಡುವುದು ಎಷ್ಟು ಮನೆಗಳಿಗೆ ಸಾಧ್ಯ? ಹಿತ್ತಲಿನ ಒಂದು ಪೇರಲ ಆ ಲೆಕ್ಕವನ್ನು ತುಂಬಿಸುತ್ತದೆ.

100 ಗ್ರಾಂ ಪೇರಲದಲ್ಲಿ 200 ಮಿಲಿಗ್ರಾಂಗಿಂತ ಹೆಚ್ಚು ಸಿ ಜೀವಸತ್ವವಿದೆ. ಅಷ್ಟೇ ತೂಕದ ಕಿತ್ತಳೆಯಲ್ಲಿ ಇರುವುದು ಇದರ ಕಾಲು ಭಾಗದಷ್ಟು. ಹೆಂಗಸರಿಗೆ ಇದು ಬಹಳ ಮುಖ್ಯ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ ಇದೆ. ರೊಟ್ಟಿ, ಬೇಳೆ, ಸೊಪ್ಪಿನಲ್ಲಿ ಕಬ್ಬಿಣಾಂಶ ಇದ್ದರೂ ಅದು ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಊಟದ ಜೊತೆಗೇ ಪೇರಲ ತಿಂದರೆ, ಪಲ್ಯಕ್ಕೆ ನಿಂಬೆ ಹಿಂಡಿಕೊಂಡರೆ ಹೆಚ್ಚು ಹತ್ತುತ್ತದೆ. ಊಟ ಮುಗಿದ ಕೂಡಲೇ ಕುಡಿಯುವ ಚಹಾ ಇದಕ್ಕೆ ಅಡ್ಡಿ. ಅದನ್ನು ಒಂದು ಗಂಟೆ ಮುಂದೂಡಿ.

ಸಕ್ಕರೆ ಕಾಯಿಲೆ ಇದ್ದವರು ಪೇರಲವನ್ನು ಮಿತವಾಗಿ ತಿನ್ನಬಹುದು. ಸೀತಾಫಲ, ಒಣ ಅಂಜೂರದ ವಿಷಯದಲ್ಲಿ ಕೈ ಹಿಡಿತದಲ್ಲಿರಲಿ. ಮೂತ್ರಪಿಂಡದ ತೊಂದರೆ ಇರುವವರು ಯಾವ ಹಣ್ಣು ಎಷ್ಟು ಎಂದು ವೈದ್ಯರನ್ನೇ ಕೇಳಿಕೊಳ್ಳಿ.

ಅವುಗಳಿಗೂ ಪಾಲಿದೆ

ಒಬ್ಬ ಮುಸ್ಲಿಮ್ ನೆಟ್ಟ ಗಿಡದಿಂದ ಮನುಷ್ಯನಾಗಲಿ, ಹಕ್ಕಿಯಾಗಲಿ, ಪ್ರಾಣಿಯಾಗಲಿ ತಿಂದರೆ ಅದು ನೆಟ್ಟವನ ಪಾಲಿಗೆ ಸದಕ ಆಗುತ್ತದೆ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಅನಸ್(ರ) ಅವರಿಂದ ಬಂದ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡೂ ಸಂಗ್ರಹಗಳಲ್ಲಿದೆ. ಹಾಗಾಗಿ ಗಿಳಿ ತಿಂದ ಹಣ್ಣನ್ನು ನಷ್ಟದ ಲೆಕ್ಕಕ್ಕೆ ಬರೆಯಬೇಕಿಲ್ಲ.

ಈ ಅತಿಥಿಗಳು ಸುಮ್ಮನೆ ತಿಂದು ಹೋಗುವುದೂ ಇಲ್ಲ. ಬಾವಲಿಗಳು ಬೇವು, ಆಲ, ಅತ್ತಿಯ ಹಣ್ಣು ತಿಂದು ಬೀಜಗಳನ್ನು ದೂರದೂರಕ್ಕೆ ಹರಡುತ್ತವೆ. ರಾತ್ರಿ ಅರಳುವ ಹೂಗಳಿಗೆ ಪರಾಗಸ್ಪರ್ಶ ಮಾಡುತ್ತವೆ. ನಮ್ಮಂಥ ಬಿಸಿಲು ನಾಡಿನಲ್ಲಿ ಯಾರೂ ನೆಡದೆ ಬೆಳೆದ ಎಷ್ಟೋ ಬೇವಿನ ಮರಗಳ ಹಿಂದೆ ಬಾವಲಿ, ಹಕ್ಕಿಗಳ ಕೆಲಸವಿದೆ. ಹಣ್ಣು ತಿನ್ನುವ ಬಾವಲಿಗಳನ್ನು ಕಾನೂನು ಬಹುಕಾಲ ಉಪದ್ರವಿಗಳ ಪಟ್ಟಿಯಲ್ಲಿಟ್ಟಿತ್ತು. ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಆ ಪಟ್ಟಿಯನ್ನೇ ತೆಗೆದುಹಾಕಿತು. ಇನ್ನು ಹಣ್ಣಿಗೆ ಬಂದ ಗಿಳಿಯನ್ನು ಹಿಡಿದು ಪಂಜರದಲ್ಲಿಡುವುದು 1972ರ ಅದೇ ಕಾಯ್ದೆಯಡಿ ಅಪರಾಧ. ಮಕ್ಕಳಿಗೆ ಗಿಳಿ ತೋರಿಸಬೇಕೆಂದರೆ ಹಿತ್ತಲಿನ ಮರವನ್ನೇ ತೋರಿಸಿ.

ಎಂಜಲು ಏಕೆ ಬೇಡ?

2018ರ ಮೇ ತಿಂಗಳಲ್ಲಿ ಕೇರಳದ ಕೋಯಿಕ್ಕೋಡ್, ಮಲಪ್ಪುರಂ ಜಿಲ್ಲೆಗಳಲ್ಲಿ ನಿಫಾ ರೋಗ ಕಾಣಿಸಿಕೊಂಡು 17 ಮಂದಿ ತೀರಿಕೊಂಡರು. ಆ ಭಾಗದ ಬಾವಲಿಗಳಲ್ಲಿ ವೈರಾಣು ಸಿಕ್ಕಿತು. ಮೊದಲ ರೋಗಿಗೆ ಸೋಂಕು ಹೇಗೆ ತಗಲಿತೆಂಬುದು ಮಾತ್ರ ಖಚಿತವಾಗಲಿಲ್ಲ. ಬಾವಲಿಯ ಜೊಲ್ಲು ಮತ್ತು ಮೂತ್ರದಲ್ಲಿ ಈ ವೈರಾಣು ಇರಬಹುದು. ಬಾಂಗ್ಲಾದೇಶದಲ್ಲಿ ಖರ್ಜೂರ ಜಾತಿಯ ಮರಕ್ಕೆ ಕಟ್ಟಿದ ಗಡಿಗೆಯ ಹಸಿ ರಸ ಕುಡಿದವರಿಗೆ ರೋಗ ಬಂದದ್ದು ಹೀಗೆಯೇ. ರಾತ್ರಿ ಬಾವಲಿ ಆ ರಸಕ್ಕೆ ಬಾಯಿ ಹಾಕುತ್ತಿತ್ತು. ಬಿದಿರಿನ ತಡಿಕೆ ಕಟ್ಟಿ ಬಾವಲಿಯನ್ನು ದೂರವಿಡುವ ಉಪಾಯವನ್ನು ಅಲ್ಲಿ ಜನರಿಗೆ ಕಲಿಸಲಾಯಿತು.

ನಿಫಾ ಅಪರೂಪದ ರೋಗ. ಹೆದರಿ ಮರ ಕಡಿಯುವುದಾಗಲಿ, ಬಾವಲಿ ಕೊಲ್ಲುವುದಾಗಲಿ ಬೇಡ. ಗೂಡಿನಿಂದ ಓಡಿಸಿದ ಬಾವಲಿಗಳು ಇನ್ನೊಂದು ಊರಿಗೆ ಹೋಗುತ್ತವೆ ಅಷ್ಟೆ. ಆದರೆ ರೋಗ ಬಂದರೆ ಅದಕ್ಕೆಂದೇ ಮದ್ದಿಲ್ಲ, ಲಸಿಕೆಯೂ ಬಳಕೆಗೆ ಬಂದಿಲ್ಲ. ತಪ್ಪಿಸಿಕೊಳ್ಳುವ ದಾರಿ ಮಾತ್ರ ಸುಲಭ: ಹಲ್ಲಿನ ಗುರುತು, ಕೊಕ್ಕಿನ ಗುರುತು ಇರುವ ಹಣ್ಣು ತಿನ್ನಬೇಡಿ. ಕಚ್ಚಿದ ಕಡೆ ಕೊಯ್ದು ಉಳಿದದ್ದನ್ನು ತಿನ್ನುತ್ತೇವೆ ಎನ್ನುವುದೂ ಬೇಡ, ಜೊಲ್ಲು ಕಣ್ಣಿಗೆ ಕಾಣುವುದಿಲ್ಲ. ಹಿತ್ತಲಲ್ಲಿ ಕಟ್ಟಿದ ಮೇಕೆಗೂ ಅದನ್ನು ಹಾಕಬೇಡಿ. ಮಲೇಷ್ಯಾದಲ್ಲಿ 1998ರಲ್ಲಿ ಈ ರೋಗ ಮೊದಲು ಹರಡಿದ್ದು ಹಂದಿಗಳ ಮೂಲಕ. ಹಂದಿ ಸಾಕಣೆಯ ಜಾಗದ ಮರಗಳಿಂದ ಬಾವಲಿ ಬೀಳಿಸಿದ ಹಣ್ಣೇ ಅದಕ್ಕೆ ಕಾರಣವಿರಬೇಕೆಂದು ವಿಜ್ಞಾನಿಗಳು ಹೇಳುತ್ತಾರೆ.

ನಿಫಾ ಮಾತು ಬಿಟ್ಟರೂ, ಹಿಕ್ಕೆಯಿಂದ ಬರುವ ಭೇದಿ ಅಪರೂಪದ್ದಲ್ಲ. ಮರದಿಂದ ಕಿತ್ತ ಒಳ್ಳೆಯ ಹಣ್ಣನ್ನೂ ಹರಿಯುವ ಶುದ್ಧ ನೀರಿನಲ್ಲಿ ಕೈಯಿಂದ ಉಜ್ಜಿ ತೊಳೆಯಿರಿ. ಸೋಪು ಬೇಡ. ಪಕ್ಕದ ಗದ್ದೆಗೆ ಔಷಧಿ ಹೊಡೆದಿದ್ದರೆ ಗಾಳಿಗೆ ಅದು ಹಿತ್ತಲಿಗೂ ಬಂದಿರುತ್ತದೆ. ಕೆಲವು ದಿನ ಹಣ್ಣು ಕೀಳದಿರುವುದು, ಕಿತ್ತಾಗ ಸಿಪ್ಪೆ ತೆಗೆಯುವುದು ಒಳ್ಳೆಯದು.

ಮರದ ಬುಡ ಸ್ವಚ್ಛವಾಗಿರಲಿ

ಬಿದ್ದ ಹಣ್ಣು ಕೊಳೆತರೆ ನೊಣ, ಇರುವೆ, ಇಲಿ ಬರುತ್ತವೆ. ಪೇರಲ ಕೊಯ್ದಾಗ ಒಳಗೆ ಬಿಳಿ ಹುಳ ಕಾಣುತ್ತದಲ್ಲ, ಅದು ಹಣ್ಣಿನ ನೊಣದ ಮರಿ. ಬಿದ್ದ ಹಣ್ಣಿನಿಂದ ಹೊರಬಂದು ಮಣ್ಣಿಗಿಳಿದು, ನೊಣವಾಗಿ ಮತ್ತೆ ಮರ ಏರುತ್ತದೆ. ಈ ಸುತ್ತು ಕಡಿಯಬೇಕಾದರೆ ದಿನವೂ ಬೆಳಗ್ಗೆ ಬುಡ ಗುಡಿಸಿ. ಬಿದ್ದದ್ದನ್ನು ಎರಡು ಅಡಿ ಆಳದ ಗುಂಡಿಗೆ ಹಾಕಿ ಮಣ್ಣು ಮುಚ್ಚಿ. ಆಮೇಲೆ ಸೋಪು ಹಚ್ಚಿ ಕೈ ತೊಳೆದುಕೊಳ್ಳಿ. ಗುಡಿಸುವ ಕೆಲಸವನ್ನು ಪುಟ್ಟ ಮಕ್ಕಳಿಗೆ ಬಿಡಬೇಡಿ. ಮರದಡಿ ಮಂಚ ಹಾಕಿದ್ದರೆ, ಕುಡಿಯುವ ನೀರಿನ ಗಡಿಗೆ ಇಟ್ಟಿದ್ದರೆ ಬೇರೆ ಕಡೆಗೆ ಸರಿಸಿ, ಗಡಿಗೆಗೆ ಮುಚ್ಚಳ ಇಡಿ.

ಬೇಸಿಗೆಯಲ್ಲಿ ಹಕ್ಕಿಗಳಿಗೆ ಬಟ್ಟಲಲ್ಲಿ ನೀರಿಡುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಅದು ಹಾಗೇ ನಿಂತರೆ ಡೆಂಗಿ ಹರಡುವ ಸೊಳ್ಳೆಗೆ ತೊಟ್ಟಿಲು. ಸೊಳ್ಳೆಯ ಮೊಟ್ಟೆ ಸುಮಾರು ಒಂದು ವಾರ, ಹತ್ತು ದಿನದಲ್ಲಿ ಸೊಳ್ಳೆಯಾಗುತ್ತದೆ. ಎರಡು ದಿನಕ್ಕೊಮ್ಮೆ ನೀರು ಚೆಲ್ಲಿ, ಬಟ್ಟಲನ್ನು ತಿಕ್ಕಿ ತೊಳೆದು ಹೊಸ ನೀರು ತುಂಬಿ.

ಮಂಗ ಬಂದರೆ ಕೈಯಿಂದ ಹಣ್ಣು ಕೊಡಬೇಡಿ. ಕಚ್ಚಿದರೆ ಅಥವಾ ಪರಚಿದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ರೇಬಿಸ್ ಚುಚ್ಚುಮದ್ದಿಗಾಗಿ ಅದೇ ದಿನ ಸರ್ಕಾರಿ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿ ಮನೆಯಲ್ಲಿ ಕೂರಬೇಡಿ.

ನಮ್ಮ ಪಾಲು ಉಳಿಸಿಕೊಳ್ಳುವುದು

ಎಲ್ಲವನ್ನೂ ಅವಕ್ಕೇ ಬಿಡಬೇಕೆಂದಲ್ಲ. ಪೇರಲ ನಿಂಬೆ ಗಾತ್ರಕ್ಕೆ ಬಂದಾಗ ಕೈಗೆಟಕುವ ಕಾಯಿಗಳಿಗೆ ಚೀಲ ಕಟ್ಟಿ. ಹಳೆಯ ದುಪಟ್ಟಾ ಹರಿದು ಹೊಲಿದ ಚೀಲವೇ ಸಾಕು. ಗಾಳಿಯಾಡುತ್ತದೆ, ನೊಣ ಮೊಟ್ಟೆಯಿಡಲಾರದು, ತೊಳೆದು ಮುಂದಿನ ವರ್ಷವೂ ಬಳಸಬಹುದು. ಮೇಲಿನ ಕೊಂಬೆಗಳನ್ನು ಹಕ್ಕಿಗಳಿಗೆ ಬಿಡಿ. ಸೀತಾಫಲದ ಕಣ್ಣು ಬಿಡುತ್ತಿದ್ದಂತೆ ಕಿತ್ತು ಮನೆಯಲ್ಲೇ ಹಣ್ಣು ಮಾಡಿ.

ಇಡೀ ಮರಕ್ಕೆ ನೈಲಾನ್ ಬಲೆ ಹೊದಿಸುವುದು ಬೇಡ. ಅಗಲ ಕಣ್ಣಿನ ಬಲೆಯಲ್ಲಿ ಹಕ್ಕಿ, ಬಾವಲಿ ಸಿಕ್ಕಿಕೊಂಡು ಒದ್ದಾಡಿ ಸಾಯುತ್ತವೆ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ 2021ರಿಂದ ಮನೆಯ ಹಣ್ಣಿನ ಮರಕ್ಕೆ ಹಾಕುವ ಬಲೆಯ ಕಣ್ಣು 5 ಮಿಲಿಮೀಟರ್ ಮೀರಬಾರದೆಂಬ ನಿಯಮವಿದೆ. ಕಿರುಬೆರಳು ತೂರುವ ಬಲೆಯಾದರೆ ಅದು ಹಕ್ಕಿಗೆ ಉರುಲು ಎಂದು ತಿಳಿಯಿರಿ. ಸಿಕ್ಕಿಕೊಂಡ ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಅರಣ್ಯ ಇಲಾಖೆಗೆ ತಿಳಿಸಿ.

ಚೀಲ ಕಟ್ಟಿದ ಹಣ್ಣು ಮನೆಗೆ ಮಿಕ್ಕಿದರೆ ಪಕ್ಕದ ಮನೆಗೆ, ಅಂಗನವಾಡಿಗೆ, ಮದರಸದ ಮಕ್ಕಳಿಗೆ ಕಳಿಸಿ. ಕಳಿಸುವಾಗ ಒಳ್ಳೆಯದನ್ನೇ ಆರಿಸಿ, ತೊಳೆದು ಕಳಿಸಿ.

ಇನ್ನು ಆ ಮಗುವಿನ ವಿಷಯ. ಗದರಿಸಿ ಕೈಯಿಂದ ಹಣ್ಣು ಕಸಿದುಕೊಂಡರೆ ಅದು ನಾಳೆ ನಿಮ್ಮ ಕಣ್ಣು ತಪ್ಪಿಸಿ ತಿನ್ನುತ್ತದೆ. “ಇದು ಗಿಳಿಯ ಪಾಲು, ಬಾ, ನಿನ್ನ ಪಾಲು ಕೀಳೋಣ” ಎಂದು ಕರೆದುಕೊಂಡು ಹೋಗಿ ಚೀಲ ಬಿಚ್ಚಿ ತೋರಿಸಿ. ತಾನೇ ತೊಳೆಯಲಿ, ಬಿಸ್ಮಿಲ್ಲಾ ಹೇಳಿ ತಿನ್ನಲಿ. ಅಜ್ಜಿಗೂ ಒಂದು ಹೋಳು ಕೊಡಲಿ.