ಗಿನಿ ಹಂದಿಗಳ ಸಹಜೀವನ

ಗಿನಿ ಹಂದಿಯು ಹಂದಿಯ ವರ್ಗಕ್ಕೆ ಸೇರಿದುದಲ್ಲ. ಗಿನಿ ದೇಶದಿಂದ ಬಂದುದೂ ಅಲ್ಲ. ಇಲಿ, ಅಳಿಲುಗಳಂತೆ ದಂಶಕ ವರ್ಗಕ್ಕೆ ಸೇರಿದ ಈ ಸಾಧುಪ್ರಾಣಿಯನ್ನು ದಕ್ಷಿಣ ಅಮೆರಿಕದ ಆಂಡೀಸ್ ಪರ್ವತಪ್ರಾಂತದ ಜನರು ಸಹಸ್ರಾರು ವರ್ಷಗಳ ಹಿಂದೆಯೇ ಪಳಗಿಸಿದರು. ನಮ್ಮಲ್ಲಿ ಅನೇಕರಿಗೆ ಇದು ಪ್ರಯೋಗಶಾಲೆಯ ಪ್ರಾಣಿಯೆಂದೇ ಪರಿಚಿತವಾದರೂ ಇಂದು ಮನೆಗಳಲ್ಲಿ ಮಕ್ಕಳ ಅಕ್ಕರೆಗೂ ಪಾತ್ರವಾಗಿದೆ. ಆದರೆ ಒಂದೇ ಗೂಡಿನಲ್ಲಿಟ್ಟ ಎರಡು ಪ್ರಾಣಿಗಳು ಒಂದನ್ನೊಂದು ಅಟ್ಟುವುದನ್ನು ಕಂಡೊಡನೆ, ಇವು ಹೊಂದಿ ಬಾಳಲಾರವೆಂದು ಬೇರ್ಪಡಿಸುವವರುಂಟು. ಈ ಕರುಣೆಯೇ ಕೆಲವೊಮ್ಮೆ ಅವುಗಳಿಗೆ ಶಿಕ್ಷೆಯಾಗಿ ಪರಿಣಮಿಸುತ್ತದೆ.

ಇವುಗಳ ಕಾಡುಬಂಧುಗಳು ಹುಲ್ಲುಗಾವಲುಗಳಲ್ಲಿ ಸಣ್ಣ ಗುಂಪುಗಳಾಗಿ ಬಾಳುತ್ತವೆ. ಬೇಟೆಯ ಪ್ರಾಣಿ, ಪಕ್ಷಿಗಳ ಭಯವುಳ್ಳ ಅವಕ್ಕೆ ಸಂಗಡಿಗರ ಕಣ್ಣು ಕಿವಿಗಳೇ ರಕ್ಷೆ. ಗುಂಪೆಂದಮೇಲೆ ಮುಂದಾಳು ಯಾರು, ಅನುವರ್ತಿ ಯಾರು ಎಂಬುದು ನಿಶ್ಚಯವಾಗಬೇಕು. ಅವುಗಳ ಕಲಹವು ಬಹುಮಟ್ಟಿಗೆ ಈ ನಿಶ್ಚಯಕ್ಕಾಗಿಯೇ. ಸೊಂಟವನ್ನು ಅತ್ತಿತ್ತ ತೂಗುತ್ತ, ಗಂಟಲಿನಲ್ಲಿ ಗುಡುಗುಡು ದನಿಗೈಯುತ್ತ ಸುತ್ತುವುದು ಪ್ರಣಯದ ಅಥವಾ ಹಿರಿತನದ ಸೂಚನೆ. ಹಲ್ಲು ಕಟಕಟಿಸುವುದು ದೂರ ಸರಿಯೆಂಬ ಎಚ್ಚರಿಕೆ. ಒಂದು ಹಿಂಜರಿದರೆ ಜಗಳವು ಸಾಮಾನ್ಯವಾಗಿ ಅಲ್ಲಿಗೇ ಮುಗಿಯುತ್ತದೆ. ಎರಡೂ ಮಣಿಯದೆ ಕಚ್ಚಿ ಗಾಯಗೊಳಿಸಿದಾಗ ಬೇರ್ಪಡಿಸಲೇಬೇಕು. ಆಗಲೂ ಪರಸ್ಪರ ಕಾಣುವಂತೆ, ವಾಸನೆ ತಿಳಿಯುವಂತೆ ಪಕ್ಕಪಕ್ಕದಲ್ಲಿಡುವುದು ಲೇಸು.

ಜರ್ಮನಿಯ ಪ್ರಾಣಿಶಾಸ್ತ್ರಜ್ಞ ನಾರ್ಬರ್ಟ್ ಸಾಕ್ಸರ್ ಮತ್ತು ಅವರ ಸಹೋದ್ಯೋಗಿಗಳು ಈ ವಿಷಯದಲ್ಲಿ ದೀರ್ಘಕಾಲ ಸಂಶೋಧನೆ ನಡೆಸಿದ್ದಾರೆ. ಗಂಡು ಪ್ರಾಣಿಯೊಂದನ್ನು ಒಂಟಿಯಾಗಿ ಅಪರಿಚಿತ ಗೂಡಿಗೆ ಬಿಟ್ಟರೆ ಅದರ ರಕ್ತದಲ್ಲಿ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನು ಏರುತ್ತದೆ. ನೆಚ್ಚಿನ ಸಂಗಾತಿ ಜೊತೆಗಿದ್ದರೆ ಆ ಏರಿಕೆ ಗಮನಾರ್ಹವಾಗಿ ತಗ್ಗುತ್ತದೆ. ಪರಿಚಯವಿಲ್ಲದ ಹೆಣ್ಣಿನಿಂದ ಈ ನೆಮ್ಮದಿ ದೊರೆಯದು. ಮತ್ತೊಂದು ಸಂಗತಿ ಇನ್ನೂ ಅರ್ಥಪೂರ್ಣವಾದುದು. ದೊಡ್ಡ ಗುಂಪಿನಲ್ಲಿ, ಹಿರಿಯ ಗಂಡುಗಳ ನಡುವೆ ಬೆಳೆದ ಗಂಡು, ಮುಂದೆ ಅಪರಿಚಿತ ಗಂಡುಗಳೊಡನೆಯೂ ಶಾಂತವಾಗಿ ಇರಬಲ್ಲದು. ಅಂಥ ಸಹವಾಸವಿಲ್ಲದೆ ಬೆಳೆದುದಾದರೋ ತೀವ್ರವಾಗಿ ಕಾದಾಡುತ್ತದೆ. ಮಣಿಯುವುದನ್ನೂ ಪಕ್ಕಕ್ಕೆ ಸರಿಯುವುದನ್ನೂ ಅದು ಎಳವೆಯಲ್ಲಿ ಕಲಿತಿಲ್ಲ. ಎಂದಮೇಲೆ ಕೂಡಿ ಬಾಳುವುದು ಹುಟ್ಟುಗುಣ ಮಾತ್ರವಲ್ಲ, ಹಿರಿಯರ ನಡುವೆ ಕಲಿಯುವ ವಿದ್ಯೆಯೂ ಹೌದು.

ಸಾಕುವವರು ಮಾಡಬೇಕಾದುದು ಕಷ್ಟವೇನಲ್ಲ. ಗೂಡು ವಿಶಾಲವಾಗಿರಲಿ. ಮೇವಿನ ಬಟ್ಟಲುಗಳು ಎರಡಿರಲಿ. ಅಡಗುದಾಣಕ್ಕೆ ಎರಡು ಬಾಗಿಲುಗಳಿದ್ದರೆ ದುರ್ಬಲ ಪ್ರಾಣಿಯು ಮೂಲೆಗೆ ಸಿಲುಕದೆ ಪಾರಾಗುವುದು. ಹೆಣ್ಣು ಗಂಡುಗಳನ್ನು ಒಟ್ಟಿಗಿಟ್ಟರೆ ಸಂತತಿ ಶೀಘ್ರವಾಗಿ ಬೆಳೆಯುವುದೆಂಬುದನ್ನು ಮರೆಯಬಾರದು. ಈದ ಕೆಲವೇ ಗಂಟೆಗಳಲ್ಲಿ ತಾಯಿಯು ಮತ್ತೆ ಗರ್ಭ ಧರಿಸಬಲ್ಲದು.

ಸ್ವಿಟ್ಜರ್ಲೆಂಡ್ ದೇಶವು ೨೦೦೮ರಲ್ಲಿ ಜಾರಿಗೆ ತಂದ ಪ್ರಾಣಿಸಂರಕ್ಷಣಾ ನಿಯಮಗಳ ಪ್ರಕಾರ ಗಿನಿ ಹಂದಿಯನ್ನು ಒಂಟಿಯಾಗಿ ಸಾಕುವಂತಿಲ್ಲ. ಮೇವು, ನೀರು, ನೆರಳುಗಳಷ್ಟೇ ಸಂಗಾತಿಯೂ ಈ ಪ್ರಾಣಿಗೆ ಅವಶ್ಯಕವೆಂಬ ತತ್ತ್ವವನ್ನು ಆ ಕಾನೂನು ಒಪ್ಪಿದೆ. ಮಾತು ಬಾರದ ಜೀವಿಯನ್ನು ಮನೆಗೆ ತರುವ ಮುನ್ನ ಪ್ರತಿಯೊಬ್ಬರೂ ಇದನ್ನು ಅರಿತಿರುವುದು ಉಚಿತ.