ಅಳೆದು ತಿದ್ದಿಕೊಳ್ಳುವ ಯಂತ್ರ

ರಬ್ಬರು ಟೈರಿನ ಬಂಡಿಗಳು ಬರುವ ಮುನ್ನ, ಯಾದಗಿರಿ ಸೀಮೆಯ ಕೊಂಕಲ್‌ನಂಥ ಹಳ್ಳಿಗಳಲ್ಲಿ ಗಾಲಿಗೆ ಹಳಿ ಕೂಡಿಸುವುದೆಂದರೆ ನೋಡುವವರಿಗೊಂದು ಹಬ್ಬ. ಕಮ್ಮಾರನು ಮರದ ಗಾಲಿಯ ಸುತ್ತಳತೆ ತೆಗೆದುಕೊಂಡು, ಅದಕ್ಕಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಸಿದ್ಧಪಡಿಸುತ್ತಿದ್ದನು. ಕುಳ್ಳಿನ ಬೆಂಕಿಯಲ್ಲಿ ಕಾದು ಹಿಗ್ಗಿದ ಹಳಿ ಗಾಲಿಯ ಮೇಲೆ ಇಳಿಯುತ್ತಿತ್ತು. ಕೊಡಗಟ್ಟಲೆ ನೀರು ಬಿದ್ದೊಡನೆ ಚುರ್ರೆಂದು ಕುಗ್ಗಿ ಮರವನ್ನು ಬಿಗಿದಪ್ಪುತ್ತಿತ್ತು. ಹಳಿ ತೀರ ಕಿರಿದಾದರೆ ಗಾಲಿಗೆ ಪೆಟ್ಟು. ಹಿರಿದಾದರೆ ದಾರಿಯಲ್ಲೇ ಕಳಚಿಕೊಳ್ಳುವ ಭಯ. ಎಷ್ಟು ಸಾಕೆಂಬ ನಿರ್ಣಯವೆಲ್ಲ ಕಮ್ಮಾರನ ಕಣ್ಣು ಕೈಗಳಲ್ಲಿ ಅಡಗಿತ್ತು.

ಕಾದರೆ ಹಿಗ್ಗುವ ಕಬ್ಬಿಣದ ಗುಣ ಕಮ್ಮಾರನಿಗೆ ವರ. ಇಂದಿನ ಯಂತ್ರಾಗಾರಕ್ಕೆ ಅದೇ ಗುಣ ಮಗ್ಗುಲ ಮುಳ್ಳು. 50 ಮಿಲಿಮೀಟರು ವ್ಯಾಸದ ಉಕ್ಕಿನ ದಂಡವು 10 ಡಿಗ್ರಿ ಸೆಲ್ಸಿಯಸ್ ಕಾದರೆ ಸುಮಾರು 6 ಮೈಕ್ರಾನ್ ದಪ್ಪವಾಗುತ್ತದೆ. ಮಿಲಿಮೀಟರಿನ ಸಾವಿರದ ಒಂದು ಪಾಲಿಗೆ ಮೈಕ್ರಾನ್ ಎಂದು ಹೆಸರು. ಕೂದಲೆಳೆಗಿಂತ ಎಷ್ಟೋ ತೆಳುವಾದ ಈ ಅಂತರವನ್ನು ಬಂಡಿಯ ಗಾಲಿ ಲೆಕ್ಕಿಸುವುದೇ ಇಲ್ಲ. ಆದರೆ ವೇಗವಾಗಿ ತಿರುಗುವ ಬೇರಿಂಗು, ಎಂಜಿನ್ನಿನ ಭಾಗಗಳು ಲೆಕ್ಕಿಸುತ್ತವೆ. ಅಳತೆಗಳನ್ನೆಲ್ಲ 20 ಡಿಗ್ರಿ ಉಷ್ಣತೆಗೆ ಹೊಂದಿಸಿ ಹೇಳಬೇಕೆಂಬ ಅಂತರರಾಷ್ಟ್ರೀಯ ಕಟ್ಟಳೆ ಇರುವುದು ಇದಕ್ಕಾಗಿಯೇ.

ಕೈಯಿಂದ ಯಂತ್ರಕ್ಕೆ

ಇಂಥ ಸೂಕ್ಷ್ಮ ಕೆಲಸಕ್ಕೆ ಕನ್ನಡ ನಾಡಿನಲ್ಲಿ ದೊಡ್ಡ ನೆಲೆಯಾದುದು ಬೆಂಗಳೂರು. ಸ್ವಿಟ್ಸರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ಸಹಯೋಗದಿಂದ 1953ರಲ್ಲಿ ಅಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಸ್ಥಾಪನೆಯಾಯಿತು. ಯಂತ್ರಗಳನ್ನು ಮಾಡುವ ಯಂತ್ರಗಳು ಅದರ ಉತ್ಪನ್ನ. 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ನೆರವಿನಿಂದ ಕೈಗಡಿಯಾರದ ತಯಾರಿಕೆಯೂ ಆರಂಭವಾಯಿತು. ಯಂತ್ರೋಪಕರಣಗಳ ಸಂಶೋಧನೆಗೆಂದು ಈಗ ಸಿ.ಎಂ.ಟಿ.ಐ. ಎಂದು ಪ್ರಸಿದ್ಧವಾಗಿರುವ ಕೇಂದ್ರ ಸಂಸ್ಥೆ 1962ರಲ್ಲಿ ತಲೆಯೆತ್ತಿತು.

ಅಂದಿನ ನುರಿತ ಕೆಲಸಗಾರನು ಲೇತನ್ನು ನಿಲ್ಲಿಸಿ, ತುಂಡನ್ನು ಒರೆಸಿ, ಮೈಕ್ರೋಮೀಟರಿನಿಂದ ಅಳೆದು, ಉಳಿಯನ್ನು ಕೂದಲೆಳೆಯಷ್ಟು ಮುಂದೂಡಿ ಮತ್ತೆ ಕೊರೆಯುತ್ತಿದ್ದನು. ಕೊರೆದಂತೆಲ್ಲ ಉಳಿ ಸವೆಯುತ್ತದೆ. ಯಂತ್ರದ ಹೊಂದಾಣಿಕೆ ಅದೇ ಇದ್ದರೂ ನೂರನೆಯ ತುಂಡು ಮೊದಲನೆಯದಕ್ಕಿಂತ ದಪ್ಪವಾಗುತ್ತದೆ. ಅಳೆಯುವುದು, ಬೇಕಾದ ಅಳತೆಗೆ ಹೋಲಿಸುವುದು, ತಿದ್ದುವುದು: ಈ ಮೂರು ಕೆಲಸಗಳನ್ನು ಯಂತ್ರಕ್ಕೇ ಒಪ್ಪಿಸಿದರೆ ಹೇಗೆ? ಉಗಿಯಂತ್ರದ ವೇಗವನ್ನು ಅದರಿಂದಲೇ ಹತೋಟಿಯಲ್ಲಿಡುವ ಸಾಧನವನ್ನು ಜೇಮ್ಸ್ ವಾಟ್ 1788ರಷ್ಟು ಹಿಂದೆಯೇ ಅಳವಡಿಸಿದ್ದನು. ವೇಗ ಹೆಚ್ಚಿದರೆ ಸುತ್ತುವ ಗುಂಡುಗಳು ಮೇಲೆದ್ದು ಉಗಿಯ ಬಾಗಿಲನ್ನು ಕಿರಿದು ಮಾಡುತ್ತಿದ್ದವು. ಅದೇ ತತ್ತ್ವ ಈಗ ಅಳತೆಗೂ ಅನ್ವಯವಾಗಿದೆ.

ಇಂದಿನ ಸಾಣೆಯಂತ್ರದಲ್ಲಿ ತಿರುಗುವ ದಂಡದ ಮೇಲೆ ಎರಡು ಸಣ್ಣ ಬೆರಳುಗಳು ಸದಾ ಒರಗಿರುತ್ತವೆ. ದಂಡ ತೆಳುವಾದಂತೆ ಅವು ಹತ್ತಿರ ಸರಿಯುತ್ತವೆ. ಆ ಚಲನೆ ವಿದ್ಯುತ್ ಸಂಕೇತವಾಗಿ ನಿಯಂತ್ರಕಕ್ಕೆ ಮುಟ್ಟುತ್ತದೆ. ಗುರಿ ಸಮೀಪಿಸಿದಾಗ ಸಾಣೆಕಲ್ಲು ತನ್ನ ನಡೆಯನ್ನು ನಿಧಾನಗೊಳಿಸಿ, ಸರಿಯಾದ ಅಳತೆ ಬಂದೊಡನೆ ಹಿಂದೆ ಸರಿಯುತ್ತದೆ. ಲೇತಿನಲ್ಲಾದರೆ ಮುಗಿದ ತುಂಡನ್ನು ಅಳೆದು, ಕಂಡ ವ್ಯತ್ಯಾಸಕ್ಕೆ ತಕ್ಕಂತೆ ಮುಂದಿನ ತುಂಡಿಗೆ ಉಳಿಯ ಸ್ಥಾನವನ್ನು ತಿದ್ದುವ ಕ್ರಮವೂ ಉಂಟು.

ತಿದ್ದುವುದಕ್ಕೂ ಮಿತಿ

ಹಾಗಾದರೆ ಯಂತ್ರ ತಪ್ಪುವುದೇ ಇಲ್ಲವೆ? ಇಲ್ಲಿಯೇ ಇರುವುದು ಸ್ವಾರಸ್ಯ. ಎಷ್ಟೇ ಒಳ್ಳೆಯ ಯಂತ್ರದಲ್ಲೂ ತುಂಡಿನಿಂದ ತುಂಡಿಗೆ ಅಲ್ಪ ಏರುಪೇರು ಇದ್ದೇ ಇರುತ್ತದೆ. ಒಂದು ತುಂಡು 2 ಮೈಕ್ರಾನ್ ದಪ್ಪವಾಯಿತೆಂದು ಒಡನೆ ತಿದ್ದಿ, ಮುಂದಿನದು ತೆಳುವಾಯಿತೆಂದು ಮತ್ತೆ ತಿದ್ದಿದರೆ ಏರುಪೇರು ಇಳಿಯುವ ಬದಲು ಹೆಚ್ಚುತ್ತದೆ. ಮಾತು ಮಾತಿಗೂ ಮಗುವನ್ನು ಗದರುವ ಮನೆಯಂತಾಗುತ್ತದೆ ಯಂತ್ರದ ಪಾಡು. ಆದುದರಿಂದ ಹಲವು ತುಂಡುಗಳ ಒಲವನ್ನು ನೋಡಿ, ನಿಜವಾಗಿ ಉಳಿ ಸವೆದಿದೆಯೆಂದು ತೋರಿದಾಗ ಮಾತ್ರ, ಅದೂ ಅಳೆದು ಸುರಿದಂತೆ, ತಿದ್ದಬೇಕು.

ಇನ್ನೊಂದು ಅಪಾಯ ಇದಕ್ಕಿಂತ ಗುಟ್ಟಾದುದು. ಅಳೆಯುವ ಬೆರಳಿನಡಿ ಲೋಹದ ಒಂದು ಚೂರು ಸಿಕ್ಕಿದರೆ ದಂಡ ದಪ್ಪವಿದೆಯೆಂದೇ ಯಂತ್ರ ನಂಬುತ್ತದೆ. ನಂಬಿ, ಸರಿಯಾಗಿದ್ದುದನ್ನು ಕೆಡಿಸುತ್ತದೆ. ಕೆಡಿಸಿದೆನೆಂಬ ಅರಿವು ಅದಕ್ಕಿಲ್ಲ. ಕೈಕೆಲಸಗಾರನ ತಪ್ಪಿನಿಂದ ಒಂದು ತುಂಡು ಹಾಳಾದರೆ, ಸುಳ್ಳು ಅಳತೆಯಿಂದ ಇಡೀ ಪಾಳಿಯ ದುಡಿಮೆ ನೀರುಪಾಲು.

ಆದಕಾರಣವೇ ಯಂತ್ರವನ್ನು ನಡೆಸುವವರು ಬೆರಳುಗಳನ್ನು ಒರೆಸಿ, ಅಳತೆ ನಿಶ್ಚಿತವಾಗಿರುವ ಮಾದರಿ ತುಂಡೊಂದನ್ನು ಅವುಗಳ ನಡುವೆ ಇಟ್ಟು ಆಗಾಗ ಪರೀಕ್ಷಿಸುತ್ತಾರೆ. ಮಾದರಿಯ ಅಳತೆ ಸರಿಯಾಗಿ ಬಂದರೆ ಯಂತ್ರ ಮುಂದೆ ಸಾಗುತ್ತದೆ, ಬಾರದಿದ್ದರೆ ನಿಲ್ಲುತ್ತದೆ. ಕಮ್ಮಾರನ ಕಣ್ಣು ಇಂದಿಗೂ ಬೇಕು. ಮೊದಲು ಅದು ಹಳಿಯನ್ನು ನೋಡುತ್ತಿತ್ತು. ಈಗ ಅಳೆಯುವ ಬೆರಳನ್ನೇ ನೋಡಬೇಕಾಗಿದೆ.