ಹ್ಯಾಂಡಲ್ ಒದರಾಟದ ಬೇರು ಎಲ್ಲಿದೆ?

ಹಳೆಯ ಬುಲೆಟ್ ಒಂದು ಹೆದ್ದಾರಿಯಲ್ಲಿ 80 ಕಿ.ಮೀ. ವೇಗದಲ್ಲಿ ನೆಟ್ಟಗೆ ಓಡುತ್ತಿರುತ್ತದೆ. ಸೇತುವೆಯ ಜಾಯಿಂಟ್ ಮೇಲೆ ಮುಂದಿನ ಚಕ್ರ ಹಾಯುತ್ತದೆ, ಅಷ್ಟೇ. ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪಟಪಟನೆ ಹೊಡೆದುಕೊಳ್ಳತೊಡಗುತ್ತದೆ. ಸವಾರ ಬಿಗಿಹಿಡಿಯುತ್ತಾನೆ, ಅದು ಇನ್ನೂ ಜೋರಾಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಒಂದೋ ತಾನಾಗಿಯೇ ಅಡಗುತ್ತದೆ, ಇಲ್ಲವೇ ಕೈಯಿಂದ ಕಿತ್ತುಕೊಂಡು ಸವಾರನನ್ನು ಕೆಡವುತ್ತದೆ. ಬದುಕಿ ಬಂದವನು ಗ್ಯಾರೇಜಿಗೆ ಹೋದರೆ ಹತ್ತರಲ್ಲಿ ಒಂಬತ್ತು ಕಡೆ ಒಂದೇ ಉತ್ತರ: ‘ಕೋನ್ ಸೆಟ್ ಲೂಸ್ ಆಗಿದೆ ಸಾರ್, ಟೈಟ್ ಮಾಡಿದ್ರೆ ಸರಿ ಹೋಗುತ್ತೆ.’

ಕೋನ್ ಸೆಟ್ ಎಂದರೆ ಹ್ಯಾಂಡಲ್ ತಿರುಗಲು ಕೂರಿಸಿರುವ ಬೇರಿಂಗ್, ಬಟ್ಟಲುಗಳ ನಡುವೆ ಗುಂಡುಗಳು. ಅದನ್ನು ಬಿಗಿ ಮಾಡಿದರೆ ಕೆಲವೊಮ್ಮೆ ಸರಿ ಹೋಗುವುದೂ ಉಂಟು. ಆದರೆ ಬಹಳ ಸಲ ಆ ಒಂದು ನಟ್ಟು ತಿರುಗಿಸಿದ್ದರಿಂದ ರೋಗ ಮುಚ್ಚಿಹೋಗುತ್ತದೆಯೇ ಹೊರತು ವಾಸಿಯಾಗುವುದಿಲ್ಲ. ಒದರಾಟ ಎಂಬುದು ಯಾವುದೋ ಒಂದು ಬಿಡಿಭಾಗದ ದೋಷವಲ್ಲ. ಪ್ರತಿಯೊಂದು ಮೋಟಾರ್ ಸೈಕಲ್ಲಿನ ಮುಂಭಾಗವೂ ಒದರುವ ಸ್ವಭಾವವನ್ನು ಹುಟ್ಟಿನಿಂದಲೇ ಹೊತ್ತು ಬಂದಿರುತ್ತದೆ. ಹೊಸ ಗಾಡಿಯಲ್ಲಿ ಅದನ್ನು ಹತ್ತಾರು ಭಾಗಗಳು ಸೇರಿ ಅಡಗಿಸಿಟ್ಟಿರುತ್ತವೆ. ಗಾಡಿಗೆ ವಯಸ್ಸಾದಂತೆ ಆ ತಡೆಗಳು ಒಂದೊಂದಾಗಿ ಸವೆಯುತ್ತವೆ. ಹಾಗಾಗಿ ಕೇಳಬೇಕಾದ ಪ್ರಶ್ನೆ ‘ಏನು ಕೆಟ್ಟಿದೆ’ ಎಂಬುದಲ್ಲ, ‘ತಡೆ ಎಲ್ಲೆಲ್ಲಿ ಸೋರಿಹೋಗಿದೆ’ ಎಂಬುದು.

ಮೊದಲು ರೋಗ ಯಾವುದೆಂದು ಗುರುತಿಸಬೇಕು, ಏಕೆಂದರೆ ಇಲ್ಲಿ ಎರಡಿವೆ. ಹ್ಯಾಂಡಲ್, ಫೋರ್ಕು, ಮುಂದಿನ ಚಕ್ರ ಇಷ್ಟೇ ಸೇರಿ ಸೆಕೆಂಡಿಗೆ ಸುಮಾರು 6ರಿಂದ 10 ಸಲ ಎಡಬಲ ಹೊಡೆದುಕೊಂಡರೆ ಅದು ಒದರಾಟ. ಇಡೀ ಗಾಡಿಯೇ, ಸೀಟಿನ ಅಡಿಯಿಂದ ಯಾರೋ ಅಲ್ಲಾಡಿಸಿದಂತೆ, ಸೆಕೆಂಡಿಗೆ 2ರಿಂದ 4 ಸಲ ಹಾವಿನ ಹಾಗೆ ಹೊರಳಿದರೆ ಅದು ಓಲಾಟ. ಒದರಾಟದ ಬೇರು ಹೆಚ್ಚಾಗಿ ಮುಂದೆ, ಓಲಾಟದ ಬೇರು ಹೆಚ್ಚಾಗಿ ಹಿಂದೆ. ಮೆಕ್ಯಾನಿಕ್ ಮುಂದೆ ನಿಂತು ‘ಗಾಡಿ ಆಡುತ್ತೆ’ ಎಂದಷ್ಟೇ ಹೇಳಿದರೆ ಆತ ಕೈ ಹಾಕುವುದು ತನಗೆ ಅಭ್ಯಾಸವಾದ ಕಡೆಗೇ. ಕೈಗೆ ಅನುಭವವಾಯಿತೋ, ಕೂತ ಜಾಗಕ್ಕೋ ಎಂದು ಹೇಳಿದರೆ ಅರ್ಧ ಕೆಲಸ ಮುಗಿದಂತೆ.

ಈ ಸ್ವಭಾವ ಎಲ್ಲಿಂದ ಬಂತು? ವಿಮಾನ ನಿಲ್ದಾಣದಲ್ಲಿ ಲಗೇಜು ತಳ್ಳುವ ಟ್ರಾಲಿಯ ಮುಂದಿನ ಪುಟ್ಟ ಚಕ್ರವನ್ನು ನೆನಪಿಸಿಕೊಳ್ಳಿ. ನಿಧಾನಕ್ಕೆ ತಳ್ಳಿದರೆ ಅದು ವಿಧೇಯವಾಗಿ ಹಿಂಬಾಲಿಸುತ್ತದೆ, ಜೋರಾಗಿ ತಳ್ಳಿದರೆ ಗಡಗಡ ಅದುರುತ್ತದೆ. ಮೋಟಾರ್ ಸೈಕಲ್ಲಿನ ಮುಂಚಕ್ರವೂ ಇದೇ ಜಾತಿಯದು. ಹ್ಯಾಂಡಲ್ ತಿರುಗುವ ಅಕ್ಷವನ್ನು ನೆಲದವರೆಗೆ ಎಳೆದರೆ ಅದು ಟೈರು ನೆಲ ಮುಟ್ಟುವ ಜಾಗಕ್ಕಿಂತ ಮುಂದೆ ಬಂದು ತಾಗುತ್ತದೆ. ಹೆಚ್ಚಿನ ರಸ್ತೆ ಬೈಕುಗಳಲ್ಲಿ ಈ ಅಂತರ 10 ಸೆಂ.ಮೀ. ಆಸುಪಾಸು, ಇದಕ್ಕೆ ಟ್ರೇಲ್ ಎನ್ನುತ್ತಾರೆ. ಚಕ್ರ ಪಕ್ಕಕ್ಕೆ ತಿರುಗಿದಾಗಲೆಲ್ಲ ನೆಲ ಅದನ್ನು ನೇರಕ್ಕೆ ತಳ್ಳುವುದು ಈ ಟ್ರೇಲ್‌ನಿಂದಲೇ. ಗಾಡಿ ನೆಟ್ಟಗೆ ಹೋಗಲು ಇದು ಬಹಳ ಸಹಾಯಕ. ತೊಂದರೆಯೆಂದರೆ ರಬ್ಬರಿಗೆ ತಡವಾಗಿ ಉತ್ತರಿಸುವ ಗುಣವಿದೆ. ಚಕ್ರ ತಿರುಗಿದ ಕ್ಷಣಕ್ಕೇ ಪಕ್ಕದ ಬಲ ಹುಟ್ಟುವುದಿಲ್ಲ. ಟೈರು ಹೆಚ್ಚುಕಡಿಮೆ ಒಂದು ಗೇಣು ಉರುಳಿದ ಮೇಲೆ ಆ ಬಲದ ಬಹುಪಾಲು ಬರುತ್ತದೆ. ಅಷ್ಟರಲ್ಲಿ ಚಕ್ರ ನೇರಕ್ಕೆ ಮರಳಿರುತ್ತದೆ, ಆದರೂ ಹಳೆಯ ತಳ್ಳಾಟ ಮುಂದುವರಿದಿರುತ್ತದೆ. ಆ ತಳ್ಳಾಟಕ್ಕೆ ಚಕ್ರ ಮಧ್ಯ ದಾಟಿ ಆ ಕಡೆ ಹೋಗುತ್ತದೆ. ಅಲ್ಲಿಂದಲೂ ಹೀಗೆಯೇ ವಾಪಸ್ಸು. ಪ್ರತಿ ಸುತ್ತಿನಲ್ಲೂ ಗಾಡಿಯ ಓಟದಿಂದಲೇ ಚೂರು ಶಕ್ತಿ ಕದ್ದು ಒದರಾಟ ತನ್ನನ್ನು ತಾನೇ ಸಾಕಿಕೊಳ್ಳುತ್ತದೆ.

ಬ್ರಿಟಿಷ್ ಎಂಜಿನಿಯರ್ ರಾಬಿನ್ ಶಾರ್ಪ್ 1971ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಈ ವಿಷಯದಲ್ಲಿ ಇಂದಿಗೂ ಬುನಾದಿ. ಟೈರಿನ ಈ ವಿಳಂಬವನ್ನು ಸಮೀಕರಣಗಳಿಗೆ ಸೇರಿಸದಿದ್ದರೆ ಒದರಾಟ ಸರಿಯಾಗಿ ಕಾಣಿಸಿಕೊಳ್ಳುವುದೇ ಇಲ್ಲ, ಸೇರಿಸಿದ ಕೂಡಲೇ ಕಾಣಿಸಿಕೊಳ್ಳುತ್ತದೆ ಎಂದು ಅವರು ತೋರಿಸಿದರು. ನಮ್ಮ ಗ್ಯಾರೇಜುಗಳಲ್ಲಿ ಎಲ್ಲಕ್ಕಿಂತ ಕೊನೆಗೆ ನೋಡುವ ಟೈರು ಇಲ್ಲಿ ಎಲ್ಲಕ್ಕಿಂತ ಮೊದಲು ಬರುತ್ತದೆ. ನನಗೆ ಇದಕ್ಕಿಂತ ಉಪಯುಕ್ತವಾದ ಸಂಶೋಧನೆ ಈ ಕ್ಷೇತ್ರದಲ್ಲಿ ಮತ್ತೊಂದು ಕಾಣದು.

ಇನ್ನೊಂದು ಲೆಕ್ಕವನ್ನು ನಾವೇ ಮಾಡಿ ನೋಡಬಹುದು. ಹಳೆಯ ಬುಲೆಟ್ಟಿನ 3.25–19 ಟೈರಿನ ಸುತ್ತಳತೆ ಸುಮಾರು 2 ಮೀಟರ್. ಗಂಟೆಗೆ 60 ಕಿ.ಮೀ. ಎಂದರೆ ಸೆಕೆಂಡಿಗೆ 16.7 ಮೀಟರ್, ಚಕ್ರ ಸೆಕೆಂಡಿಗೆ ಸುಮಾರು 8 ಸುತ್ತು ಹಾಕುತ್ತದೆ. ಒದರಾಟದ ಸಹಜ ಗತಿಯೂ ಅದೇ! ಹಾಗಾಗಿ ರಿಮ್ಮಿನಲ್ಲಿ ಔಟ್ (ಡೊಂಕು) ಇದ್ದರೆ, ಒಂದು ಕಡೆ ಭಾರ ಹೆಚ್ಚಿದ್ದರೆ, ಆ ವೇಗದಲ್ಲಿ ಪ್ರತಿ ಸುತ್ತಿಗೂ ಒಂದು ತಳ್ಳು ಸರಿಯಾದ ಸಮಯಕ್ಕೇ ಸಿಗುತ್ತದೆ. ಥ್ರಾಟಲ್ ಬಿಟ್ಟು ವೇಗ ಇಳಿಯುವಾಗ 65ರಿಂದ 55ರ ನಡುವೆ ಹ್ಯಾಂಡಲ್ ನಡುಗಿ ಆಮೇಲೆ ಸುಮ್ಮನಾಗುವ ಗಾಡಿಗಳ ಕಥೆ ಹೆಚ್ಚಾಗಿ ಇದೇ. 90ರ ಮೇಲೆ ಶುರುವಾಗುವುದು ಬೇರೆ. ಫೋರ್ಕು ಮತ್ತು ಫ್ರೇಮ್ ಬಾಗದಷ್ಟು ಗಟ್ಟಿಯಾಗಿದ್ದರೆ ಒದರಾಟದ ಅಪಾಯ ಮಧ್ಯಮ ವೇಗದಿಂದ ಹೆಚ್ಚಿನ ವೇಗಕ್ಕೆ ಸರಿಯುತ್ತದೆ. ಯಾವ ವೇಗದಲ್ಲಿ ಎಂಬುದು ರೋಗಲಕ್ಷಣದಲ್ಲಿ ಎಲ್ಲಿ ಎಂಬಷ್ಟೇ ಮುಖ್ಯ.

ಗ್ಯಾರೇಜಿಗೆ ತಲುಪುವ ಮುನ್ನ ಒದರಾಟ ಮತ್ತೆ ಬಂದರೆ? ಅದರ ಒಂದು ಹೊಡೆತಕ್ಕೆ ಸೆಕೆಂಡಿನ ಎಂಟನೆಯ ಒಂದು ಭಾಗ ಸಾಕು. ನಮ್ಮ ಕೈ ಎಚ್ಚೆತ್ತು ಪ್ರತಿಕ್ರಿಯಿಸಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆದ್ದರಿಂದ ಪ್ರತಿ ಹೊಡೆತಕ್ಕೂ ಎದುರು ತಿರುಗಿಸಿ ನಿಲ್ಲಿಸುತ್ತೇನೆಂದರೆ ನಮ್ಮ ತಳ್ಳು ತಪ್ಪು ಗಳಿಗೆಯಲ್ಲಿ ಬಿದ್ದು ಅದಕ್ಕೇ ಬಲ ಕೊಡುತ್ತದೆ. ಹ್ಯಾಂಡಲ್ ಬಿಡಬಾರದು, ಸೆಣಸಲೂ ಬಾರದು. ಮೊಣಕೈ ಸಡಿಲಿಸಿ, ಮಂಡಿಯಿಂದ ಟ್ಯಾಂಕ್ ಅವುಚಿ, ಮೈಯನ್ನು ಮುಂದಕ್ಕೆ ಬಾಗಿಸಿ, ಥ್ರಾಟಲ್ಲನ್ನು ಮೆಲ್ಲಗೆ ಇಳಿಸಬೇಕು. ಮುಂದಿನ ಬ್ರೇಕ್ ಅದುಮಲೇಬಾರದು.

ಪರೀಕ್ಷೆ ಟೈರಿನಿಂದ ಶುರುವಾಗಲಿ. ಗಾಳಿ ಕಡಿಮೆ ಇದ್ದರೆ ಟೈರಿನ ಉತ್ತರ ಇನ್ನಷ್ಟು ತಡವಾಗುತ್ತದೆ. ಟೈರು ತಣ್ಣಗಿರುವಾಗ ಕಂಪನಿ ಹೇಳಿದ ಅಳತೆಗೆ ತುಂಬಿಸಿ. ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕಂಕಿಯನ್ನು ಓದಿ: 2314 ಎಂದಿದ್ದರೆ ಅದು 2014ರ 23ನೇ ವಾರದಲ್ಲಿ ತಯಾರಾದದ್ದು. ವರ್ಷಕ್ಕೆ ಸಾವಿರ ಕಿ.ಮೀ. ಓಡುವ ಹಳೆಯ ಗಾಡಿಗಳಲ್ಲಿ ಟೈರಿನ ಗುಂಡಿಗಳು, ಅಂದರೆ ಟ್ರೆಡ್, ಚೆನ್ನಾಗಿ ಉಳಿದಿರುತ್ತವೆ, ರಬ್ಬರು ಮಾತ್ರ ಗಟ್ಟಿಯಾಗಿ ಸತ್ತಿರುತ್ತದೆ. ‘ಇನ್ನೂ ಗುಂಡಿ ಇದೆಯಲ್ಲ’ ಎಂದು ಅದನ್ನೇ ಓಡಿಸುವವರನ್ನು ಕಂಡಾಗ ನನಗೆ ನಿಜವಾಗಿ ಭಯವಾಗುತ್ತದೆ. ನಡುವೆ ಸವೆದು ಚಪ್ಪಟೆಯಾದ ಟೈರೂ ಬೇಡ. ಆಮೇಲೆ ಚಕ್ರವನ್ನು ಎತ್ತಿ ತಿರುಗಿಸಿ, ಫೋರ್ಕಿಗೆ ಒಂದು ತಂತಿ ಕಟ್ಟಿ ರಿಮ್ಮಿನ ಔಟ್ ನೋಡಿ. ಕಡ್ಡಿಗಳನ್ನು ಸ್ಪ್ಯಾನರಿನಿಂದ ತಟ್ಟುತ್ತ ಬನ್ನಿ, ಸಡಿಲವಾದದ್ದು ಮಂದ ಸದ್ದು ಮಾಡುತ್ತದೆ. ಚಕ್ರದ ಬೇರಿಂಗ್ ನೋಡಲು ರಿಮ್ಮನ್ನು ಮೇಲೆ ಕೆಳಗೆ ಹಿಡಿದು ಅಡ್ಡಕ್ಕೆ ಅಲ್ಲಾಡಿಸಿದರೆ ಸಾಕು.

ಈಗ ಕೋನ್ ಸೆಟ್. ಎಂಜಿನ್ ಅಡಿಗೆ ಮರದ ದಿಮ್ಮಿ ಕೊಟ್ಟು ಮುಂಚಕ್ರ ನೆಲ ಬಿಡುವಂತೆ ನಿಲ್ಲಿಸಿ, ಫೋರ್ಕಿನ ಎರಡೂ ಕಾಲುಗಳ ತುದಿ ಹಿಡಿದು ಹಿಂದೆ ಮುಂದೆ ಎಳೆಯಿರಿ. ‘ಟಕ್’ ಎಂದರೆ ಪ್ಲೇ ಇದೆ. ಆ ಪ್ಲೇಯೊಳಗೆ ಚಕ್ರ ಯಾರ ತಡೆಯೂ ಇಲ್ಲದೆ ಅಲುಗುತ್ತದೆ. ಸಣ್ಣ ಕಂಪನ ಬೆಳೆಯಲು ಅದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಎರಡನೆಯ ಪರೀಕ್ಷೆಯನ್ನು ಬಹಳ ಮಂದಿ ಮಾಡುವುದಿಲ್ಲ. ಒಂದು ಬೆರಳಿನಿಂದ ಹ್ಯಾಂಡಲ್ಲನ್ನು ಈ ತುದಿಯಿಂದ ಆ ತುದಿಗೆ ನಿಧಾನವಾಗಿ ತಿರುಗಿಸಿ. ಸರಿಯಾಗಿ ನೇರಕ್ಕೆ ಬಂದಾಗ ಗೂಡಿನಲ್ಲಿ ಕೂತಂತೆ ಸಿಕ್ಕಿಕೊಂಡರೆ ಬಟ್ಟಲುಗಳಲ್ಲಿ ಗುಳಿ ಬಿದ್ದಿದೆ. ಗಾಡಿ ತನ್ನ ಆಯುಷ್ಯದ ಬಹುಪಾಲು ನೇರವಾಗಿಯೇ ಓಡುವುದರಿಂದ ಗುಂಡುಗಳು ಒಂದೇ ಜಾಗದಲ್ಲಿ ಕುಟ್ಟಿ ಕುಟ್ಟಿ ಅಲ್ಲಿ ಗುಂಡಿ ತೋಡುತ್ತವೆ. ಇಂಥ ಕೋನ್ ಸೆಟ್ಟನ್ನು ಬಿಗಿ ಮಾಡುವುದೇ ನಾನು ಮೊದಲು ಹೇಳಿದ ಮುಚ್ಚುವ ಕೆಲಸ. ಮಧ್ಯದಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಒದರಾಟ ನಿಂತಂತೆ ಅನ್ನಿಸುತ್ತದೆ, ಆದರೆ ಗಾಡಿ ತಾನಾಗಿ ನೇರಗೊಳ್ಳುವ ಶಕ್ತಿ ಕಳೆದುಕೊಂಡು ರಸ್ತೆಯಲ್ಲಿ ಅತ್ತಿತ್ತ ಅಲೆಯತೊಡಗುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹೊಸ ಬಟ್ಟಲು, ಗುಂಡುಗಳ ಸೆಟ್ ಸುಲಭವಾಗಿ ಸಿಗುತ್ತದೆ. ಮೇಲಿನದು ಕೆಳಗಿನದು ಎರಡನ್ನೂ ಒಟ್ಟಿಗೆ ಬದಲಾಯಿಸಿ, ಧಾರಾಳ ಗ್ರೀಸ್ ಹಾಕಿಸಿ. ಸರಿಯಾದ ಬಿಗಿ ಯಾವುದೆಂದರೆ, ಪ್ಲೇ ಇರಬಾರದು, ಆದರೂ ಹ್ಯಾಂಡಲ್ಲನ್ನು ನೇರದಿಂದ ಚೂರು ತಳ್ಳಿದರೆ ತನ್ನ ಭಾರದಿಂದಲೇ ಪಕ್ಕಕ್ಕೆ ಬೀಳಬೇಕು. ಹೊಸ ಬಟ್ಟಲುಗಳು ಕೂರಲು ಸ್ವಲ್ಪ ಓಟ ಬೇಕು. ಕೆಲವು ನೂರು ಕಿ.ಮೀ. ಆದ ಮೇಲೆ ಇನ್ನೊಮ್ಮೆ ನೋಡಲೇಬೇಕು.

ಫೋರ್ಕಿನಲ್ಲಿ ಎರಡೂ ಕಾಲುಗಳಿಗೆ ಒಂದೇ ಅಳತೆಯ ಎಣ್ಣೆ ಇರಲಿ. ಹಿಂದೆಂದೋ ಬಿದ್ದ ಗಾಡಿಯಾದರೆ ಫೋರ್ಕು ತಿರುಚಿಕೊಂಡಿರಬಹುದು.

ಓಲಾಟಕ್ಕೆ ಹಿಂದೆ ಹುಡುಕಬೇಕು. ಒಂದು ಕೈಯಲ್ಲಿ ಫ್ರೇಮ್, ಇನ್ನೊಂದರಲ್ಲಿ ಸ್ವಿಂಗ್ ಆರ್ಮ್ ತುದಿ ಹಿಡಿದು ಪಕ್ಕಕ್ಕೆ ಎಳೆದಾಗ ಅಲುಗಿದರೆ ಬುಷ್ ಹೋಗಿದೆ. ಸ್ವಿಂಗ್ ಆರ್ಮ್ ಗಟ್ಟಿಯಾಗಿದ್ದು ಚಕ್ರ ಮಾತ್ರ ಅಲುಗಿದರೆ ಬೇರಿಂಗ್. ಬುಲೆಟ್ಟಿಗೆ ಹಿಂದಿನ ಸ್ವಿಂಗ್ ಆರ್ಮ್ ಬಂದದ್ದು 1949ರಲ್ಲಿ. ಆ ಕಾಲದ ವಿನ್ಯಾಸದಲ್ಲಿ ಎಂಜಿನ್ನೇ ಫ್ರೇಮಿನ ಒಂದು ಭಾಗ. ಮದ್ರಾಸಿನಲ್ಲಿ 1955ರಿಂದ ತಯಾರಾದ ಗಾಡಿಗಳಲ್ಲೂ ಬಹುಕಾಲ ಅದೇ ಏರ್ಪಾಡು ಉಳಿಯಿತು. ಎಂಜಿನ್ ಬೋಲ್ಟುಗಳು ಸಡಿಲವಾದರೆ ಈ ಗಾಡಿಯ ಬೆನ್ನೆಲುಬೇ ಸಡಿಲವಾದಂತೆ, ಆದ್ದರಿಂದ ಬುಲೆಟ್ಟಿನಲ್ಲಿ ಅವನ್ನು ಒಂದೊಂದಾಗಿ ಬಿಗಿಗೊಳಿಸದೆ ಬೇರೆ ತೀರ್ಮಾನಕ್ಕೆ ಬರಬಾರದು. ಫ್ರೇಮಿನ ಕುತ್ತಿಗೆಯ ಬೆಸುಗೆಗಳ ಸುತ್ತ ಬಣ್ಣ ಕೂದಲೆಳೆಯಷ್ಟು ಬಿರಿದಿದೆಯೇ, ತುಕ್ಕಿನ ಗೆರೆ ಇದೆಯೇ ಎಂದೂ ನೋಡಿ. ಇದ್ದರೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಿ.

ಎರಡು ಚಕ್ರಗಳೂ ಒಂದೇ ಗೆರೆಯಲ್ಲಿವೆಯೇ ಎಂದು ತಿಳಿಯಲು ಚೈನ್ ಅಡ್ಜಸ್ಟರಿನ ಗುರುತುಗಳನ್ನು ನಂಬಬೇಡಿ. ಹಿಂದಿನ ಟೈರಿಗೆ ದಾರ ಸುತ್ತಿ ಎರಡೂ ಪಕ್ಕದಿಂದ ಮುಂದಕ್ಕೆ ಎಳೆಯಿರಿ. ಎರಡೂ ಟೈರು ಒಂದೇ ಅಗಲದವಾದರೆ ದಾರ ನಾಲ್ಕೂ ಅಂಚುಗಳನ್ನು ಹಗುರವಾಗಿ ಮುಟ್ಟಬೇಕು.

ಇಷ್ಟೆಲ್ಲ ಸರಿಯಿದ್ದೂ ಗಾಡಿ ಓಲಾಡಿದರೆ ಸಾಮಾನಿನ ಕಡೆ ನೋಡಿ. ಲಡಾಖಿಗೆ ಹೊರಡುವ ಗಾಡಿಗಳಲ್ಲಿ ಹಿಂದಿನ ಆಕ್ಸಲ್ಲಿಗಿಂತ ಆಚೆ ಚಾಚಿದ ಕ್ಯಾರಿಯರಿನ ಮೇಲೆ ಟೆಂಟು, ಕ್ಯಾನು ಪೇರಿಸಿರುತ್ತಾರೆ. ಹಿಂದೆ ಕುಸಿದು ಮುಂಚಕ್ರ ಹಗುರವಾಗುತ್ತದೆ. ಭಾರ ಮುಂದಕ್ಕೆ, ಕೆಳಕ್ಕೆ, ಎರಡೂ ಪಕ್ಕಕ್ಕೆ ಸಮವಾಗಿ ಬರಲಿ. ಹ್ಯಾಂಡಲ್ಲಿಗೆ ಕಟ್ಟಿದ ದೊಡ್ಡ ವಿಂಡ್‌ಶೀಲ್ಡು ಗಾಳಿಯ ಹೊಡೆತವನ್ನು ನೇರ ಫೋರ್ಕಿಗೆ ಕೊಡುತ್ತದೆ. ಅದನ್ನು ತೆಗೆದು ಓಡಿಸಿ ನೋಡುವುದೇ ಒಂದು ಪರೀಕ್ಷೆ. ಯಾವುದನ್ನು ಬದಲಿಸಿದರೂ ಒಂದು ಸಲಕ್ಕೆ ಒಂದೇ ಬದಲಿಸಿ, ಓಡಿಸಿ, ಬರೆದಿಡಿ. ಹ್ಯಾಂಡಲ್ ಬಿಟ್ಟು ಪರೀಕ್ಷಿಸುವ ಸಾಹಸ ಬೇಡ.

ಕೊನೆಗೆ ಸ್ಟೀರಿಂಗ್ ಡ್ಯಾಂಪರಿನ ಮಾತು. 1950–60ರ ದಶಕದ ಅನೇಕ ಗಾಡಿಗಳಲ್ಲಿ ಹ್ಯಾಂಡಲ್ ನಡುವೆ ತಿರುಗಿಸುವ ಗುಬುಟೊಂದು ಇರುತ್ತಿತ್ತು. ಬಿಗಿ ಮಾಡಿದರೆ ಘರ್ಷಣೆಯ ಬಿಲ್ಲೆಗಳು ಒದರಾಟವನ್ನು ಹಿಡಿಯುತ್ತಿದ್ದವು. ಈಗ ಹೈಡ್ರಾಲಿಕ್ ಡ್ಯಾಂಪರ್ ಕೊಂಡು ಹಾಕಿಸಿಕೊಳ್ಳುವವರಿದ್ದಾರೆ. ಆದರೆ ಡ್ಯಾಂಪರ್ ಒದರಾಟವನ್ನು ತಗ್ಗಿಸುವಾಗಲೇ ಓಲಾಟವನ್ನು ಹೆಚ್ಚಿಸಬಲ್ಲದು ಎಂಬುದೂ ಶಾರ್ಪ್ ಅವರ ಲೆಕ್ಕದಲ್ಲೇ ಇದೆ. ಸವೆದ ಬುಷ್ಷಿನ ಗಾಡಿಗೆ ಬಿಗಿಯಾದ ಡ್ಯಾಂಪರ್ ಹಾಕುವುದೆಂದರೆ ಒಂದು ರೋಗ ಕೊಟ್ಟು ಇನ್ನೊಂದನ್ನು ಪಡೆದಂತೆ. ಬಿಎಂಡಬ್ಲ್ಯೂ 1969ರಲ್ಲಿ ಹೊರತಂದ ಆರ್ 75/5 ವೇಗದಲ್ಲಿ ಸ್ಥಿರವಾಗಿಲ್ಲ ಎಂಬ ದೂರು ಹೊತ್ತಿತ್ತು. 1973ರಲ್ಲಿ ಕಂಪನಿ ಹಿಂದಿನ ಸ್ವಿಂಗ್ ಆರ್ಮನ್ನೇ 50 ಮಿ.ಮೀ. ಉದ್ದ ಮಾಡಿತು. ಹಳೆಯ ಬುಲೆಟ್ಟಿನ ಯಜಮಾನ ಸ್ವಿಂಗ್ ಆರ್ಮ್ ಉದ್ದ ಮಾಡಬೇಕಿಲ್ಲ. ಬುಷ್, ಟೈರು, ಕೋನ್ ಸೆಟ್ಟಿಗೆ ಖರ್ಚು ಮಾಡಿದ ಮೇಲೂ ಒದರಾಟ ಉಳಿದರೆ ಮಾತ್ರ ಡ್ಯಾಂಪರಿನ ಯೋಚನೆ ಮಾಡಲಿ, ಅದನ್ನೂ ಅತಿ ಸಡಿಲ ಸೆಟ್ಟಿಂಗಿನಿಂದಲೇ ಶುರು ಮಾಡಲಿ.